ತಿನ್ನಾಕೋ, ಹಚ್ಚಾಕೋ?

ಬಸವಕಲ್ಯಾಣದಲ್ಲಿ ಡಿಗ್ರಿ ಓದಿದ ಮೂರು ವರ್ಷದಲ್ಲಿ ನನಗೆ ಕೇಕ್ ಅಂದರೆ ಹೇಸಿಕೆ ಬಂದುಬಿಟ್ಟಿತು. ಇವತ್ತಿಗೂ ಯಾರಾದರೂ ಕೇಕಿನ ತುಂಡು ಮುಂದೆ ಹಿಡಿದರೆ ನನ್ನ ಮೂಗಿಗೆ ಮೊದಲು ಬರುವುದು ಡಾಲ್ಡಾ, ಹಸಿ ಮೊಟ್ಟೆ, ಕೆರೆ ದಂಡೆಯ ಕೆಸರು ಎಲ್ಲಾ ಕಲೆತ ನಾತ. ಸಂಜೆಯಾದ ಮೇಲೆ ಆ ಊರಿನಲ್ಲಿ ಕಾಲೇಜು ಹುಡುಗರಿಗೆ ಇದ್ದ ಮೋಜು ಅದೊಂದೇ. ಯಾರದಾದರೂ ಹುಟ್ಟುಹಬ್ಬ ಹುಡುಕುವುದು, ಕೇಕ್ ತರುವುದು, ಹುಟ್ಟಿದ ತಪ್ಪಿಗೆ ಅವನ ಮಾರಿಗೆ ಬಳಿಯುವುದು.

ಬೇರೆ ಏನಿತ್ತು ಅಂತ ಕೇಳಬೇಡಿ. ಕೋಟೆಯ ಬಾಗಿಲು ಹೊತ್ತು ಮುಳುಗುವ ಮೊದಲೇ ಮುಚ್ಚುತ್ತಿತ್ತು. ಟಾಕೀಸು ಗೋದಾಮಾಗಿತ್ತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಸ್ವಲ್ಪ ಹೊತ್ತು ಕೂತರೆ ಮಾಲೀಕ ಟೇಬಲ್ ಒರೆಸಲು ಬರುತ್ತಿದ್ದ, ಆ ಅರಿವೆ ಟೇಬಲ್ಲಿಗಿಂತ ಹೊಲಸು. ಹುಡುಗಿಯರಿಗೆ ಅಷ್ಟು ಭಾಗ್ಯವೂ ಇರಲಿಲ್ಲ, ಬಿಸಿಲು ಇಳಿಯುವುದರೊಳಗೆ ಬಸ್ ಹತ್ತಿ ಊರು ಸೇರಬೇಕು. ನಮ್ಮೂರು ಹುಮನಾಬಾದ್ ಏನೂ ಸ್ವರ್ಗವಲ್ಲ. ಅಲ್ಲಿ ಹೆದ್ದಾರಿ ಇದೆ, ಹೆದ್ದಾರಿಗೆ ಧಾಬಾ ಇದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗುವ ಬರುವ ಲಾರಿ ನೋಡಬಹುದು. ಕಲ್ಯಾಣದ ಗೆಳೆಯರು ಅದಕ್ಕೇ "ನಿಮ್ಮ ಹುಮನಾಬಾದದಾಗ ಲೈಫ್ ಅದ ಯಾರ್" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ.

ಹೀಗಾಗಿ ಕೆರೆ ದಂಡೆ. ಮೋಟಾರ್ ಸೈಕಲ್ಲಿನ ಸೀಟಿನ ಮೇಲೆ ಕೇಕಿನ ಡಬ್ಬಿ, ಮೇಣದಬತ್ತಿಯ ಬದಲು ಸರ್ ಎಂದು ಕಿಡಿ ಉಗುಳುವ ಪಟಾಕಿ, ಸುತ್ತ ಹತ್ತು ಮೊಬೈಲು. ಹಾಡು ಅರ್ಧಕ್ಕೆ ಬರುವುದರೊಳಗೆ ಒಬ್ಬ ಹಿಂದಿನಿಂದ ಕುತ್ತಿಗೆ ಹಿಡಿದು ಮಾರಿ ಕೇಕಿನೊಳಗೆ ಒತ್ತುತ್ತಿದ್ದ. ಆಮೇಲೆ ತಲೆಗೆ ಮೊಟ್ಟೆ, ಬೆನ್ನಿಗೆ ಬೆಲ್ಟು, ಮೂಗಿನೊಳಗೆ ಸ್ಪ್ರೇ ಡಬ್ಬಿಯ ನೊರೆ. ಉಳಿದ ಕೆನೆಯನ್ನು ಒಬ್ಬರಿಗೊಬ್ಬರು ಒರೆಸಿಕೊಳ್ಳುತ್ತಿದ್ದರು. ನೆಲಕ್ಕೆ ಬಿದ್ದದ್ದನ್ನು ಚಪ್ಪಲಿ ತುಳಿಯುತ್ತಿತ್ತು, ತುಳಿದು ಬಿಟ್ಟದ್ದನ್ನು ನಾಯಿ ಮೂಸಿ ನೋಡಿ ಹೋಗುತ್ತಿತ್ತು. ನಾಯಿಗೂ ಬೇಡವಾದದ್ದರಲ್ಲಿ ನಮ್ಮ ಹುಡುಗರು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಎಲ್ಲರ ಪಾಕೀಟು, ವಾಚು ಹಿಡಿದುಕೊಂಡು ದೂರ ನಿಲ್ಲುತ್ತಿದ್ದೆ. ಹೋಗದೆ ಇದ್ದರೆ ಮರುದಿನ ಮಾತಾಡಿಸುವವರೇ ಇರುತ್ತಿರಲಿಲ್ಲ, ಹೋದರೆ ಊಟ ಸೇರುತ್ತಿರಲಿಲ್ಲ.

ಇದಕ್ಕೆಲ್ಲ ಬೇಕರಿಯೂ ಹೊಂದಿಕೊಂಡಿತ್ತು. ನಾವು ಒಳಗೆ ಕಾಲಿಟ್ಟರೆ ಸಾಕು, ಬೇಕರಿಯ ಚಾಚಾ ತಲೆ ಎತ್ತದೆ ಕೇಳುತ್ತಿದ್ದರು: "ತಿನ್ನಾಕೋ, ಹಚ್ಚಾಕೋ?" ತಿನ್ನುವ ಕೇಕು ಗಾಜಿನ ಒಳಗೆ ಇರುತ್ತಿತ್ತು. ಹಚ್ಚುವ ಕೇಕು ಹಿಂದಿನ ಕೋಣೆಯಿಂದ ಬರುತ್ತಿತ್ತು. ಅದು ಮಾರಾಟವಾಗದೆ ಒಣಗಿದ ತುಂಡುಗಳ ಮೇಲೆ ಗಾರೆ ಮೆತ್ತಿದಂತೆ ಮೆತ್ತಿದ ಕೆನೆ. ಮೊದಲ ಸಲ ಆ ಪ್ರಶ್ನೆ ಕೇಳಿ ನಾನು ತಮಾಷೆ ಅಂದುಕೊಂಡೆ. ಚಾಚಾನ ಮುಖದಲ್ಲಿ ತಮಾಷೆ ಇರಲಿಲ್ಲ, ಅವರಿಗದು ಖಾರವೋ ಸಪ್ಪೆಯೋ ಅಂತ ಕೇಳಿದಷ್ಟೇ ಸಹಜವಾಗಿತ್ತು.

ನನ್ನ ಕೋಣೆಯ ಜೊತೆಗಾರ ಕೊಹಿನೂರ ಎಂಬ ಹಳ್ಳಿಯವನು. ಅಪ್ಪ ಇಲ್ಲ, ಅವ್ವ ಇದ್ದ ತುಂಡು ಹೊಲ ಮಾಡಿ, ಕಂಡವರ ಹೊಲಕ್ಕೂ ದುಡಿಯಲು ಹೋಗಿ ಇವನನ್ನು ಓದಿಸುತ್ತಿದ್ದಳು. ಅವನಿಗೆ ಸಿಹಿ ಅಂದರೆ ಜೀವ. ಬೆಲ್ಲದ ಡಬ್ಬಿಗೆ ನಾನು ಬೀಗ ಹಾಕುವುದೊಂದು ಬಾಕಿ. ಅವನ ಹುಟ್ಟುಹಬ್ಬವನ್ನು ಯಾರೂ ಎಂದೂ ಮಾಡಿರಲಿಲ್ಲ. ಮಾಡೋಣವೆಂದರೆ ಯಾವ ದಿನ? ಕಾಗದದಲ್ಲಿ ಜೂನ್ ಒಂದು. ನಮ್ಮ ಕಡೆ ಶಾಲೆಗೆ ಸೇರಿಸಲು ಬಂದ ತಾಯಂದಿರಿಗೆ ತಾರೀಖು ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಕೈಗೆ ಬಂದಂತೆ ಬರೆಯುತ್ತಿದ್ದ ತಾರೀಖು ಅದು. ನಮ್ಮ ತರಗತಿಯಲ್ಲೇ ಜೂನ್ ಒಂದರವರು ಆರು ಜನ ಇದ್ದರು. 'ಸರ್ಕಾರಿ ಕೂಸುಗಳು' ಎಂದು ಅವರನ್ನು ಚೇಷ್ಟೆ ಮಾಡುತ್ತಿದ್ದೆವು. ಇವನ ಅವ್ವನನ್ನು ಕೇಳಿದರೆ ಮಾತ್ರ ಬೇರೆ ಲೆಕ್ಕ ಹೇಳುತ್ತಿದ್ದಳು: ಚಳಿಗಾಲದ ಎಳ್ಳು ಅಮಾವಾಸ್ಯೆ, ಎಳ್ಳಮಾಸಿಯ ದಿನ, ಹೊಲದಲ್ಲಿ ಎಲ್ಲರೂ ಭಜ್ಜಿ ರೊಟ್ಟಿಗೆ ಕೂತಾಗ, ಅವಳಿಗೆ ಹೊಟ್ಟೆನೋವು ಬಂದದ್ದು.

ಎರಡನೇ ವರ್ಷದ ಜೂನ್ ಒಂದಕ್ಕೆ ಆರೂ ಜನರದ್ದು ಒಟ್ಟಿಗೇ ಮಾಡುವುದೆಂದಾಯಿತು. ಬೇಕರಿಯ ಚಾಚಾ ಆರು ಹೆಸರು ಕೇಳಿ, "ಇದೇನ್ ಲಗ್ನಪತ್ರಿಕೇನ್ರಿ?" ಎಂದು ರೇಗಿ, "ಹ್ಯಾಪಿ ಜೂನ್ ಒಂದು" ಎಂದಷ್ಟೇ ಬರೆದುಕೊಟ್ಟರು. ಅದಕ್ಕೂ ಮೊದಲು ವಾಡಿಕೆಯ ಪ್ರಶ್ನೆ ಬಂತು. ಹಚ್ಚಾಕ ಎಂದು ನಾಲ್ಕು ಬಾಯಿ ಕೂಗಿದವು. ನನ್ನ ಗೆಳೆಯ ಗಾಜಿನ ಒಳಗೆ ನೋಡುತ್ತ ನಿಂತಿದ್ದವನು ತಿರುಗಿ, "ತಿನ್ನಾಕ ತಗೋಳೋಣ್ರೋ" ಅಂದ.

"ಯಾಕಲೇ, ಮನ್ಯಾಗ ಉಪಾಸ ಇದ್ದೇನು?" ಎಂದ ಕೂಗಿದವರಲ್ಲೊಬ್ಬ.

"ಅಲ್ಲೋ. ಹುಟ್ಟಿದಾಗಿಂದ ಒಮ್ಮಿಯೂ ಮಾಡಿಲ್ಲ. ಮೊದಲ ಒಂದ್ ತುಂಡ ತಿನ್ನಾಕ ಕೊಡ್ರೋ, ಕುಂತ್ ತಿಂತೀನಿ. ಆಮ್ಯಾಲ ಏನರ ಬಡ್ಕೋರಿ."

ಎಲ್ಲರೂ ಆಣೆ ಮಾಡಿದರು. ತಿನ್ನುವ ಕೇಕನ್ನೇ ತಂದೆವು. ಅವನು ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು, ಕೋಣೆಯಿಂದ ಒಂದು ಸ್ಟೀಲಿನ ತಾಟು ಸಹ ತಂದಿದ್ದ. ಕೆರೆ ದಂಡೆಯಲ್ಲಿ ಅರಿವೆ ಹಾಸಿ, ತಾಟು ಮುಂದಿಟ್ಟುಕೊಂಡು ಪಂಕ್ತಿಗೆ ಕೂತವನ ಹಾಗೆ ಕಾಲು ಮಡಚಿ ಕೂತ. ಜೂನ್ ಒಂದರ ಉಳಿದ ಐವರು ಸುತ್ತ ನಿಂತಿದ್ದರು. ನಗು ಬಂತು, ಅವನ ಮೇಲೆ ಮಮತೆಯೂ ಬಂತು.

ಚಾಕು ಇನ್ನೂ ಕೇಕಿಗೆ ಮುಟ್ಟಿರಲಿಲ್ಲ. ಆಣೆ ಮಾಡಿದವರಲ್ಲೇ ಒಬ್ಬ ಇಡೀ ಕೇಕನ್ನು ಎರಡು ಕೈಯಲ್ಲಿ ಎತ್ತಿ ಅವನ ಮಾರಿಗೆ ಬಡಿದ. ಆಮೇಲೆ ಯಾರಿಗೂ ತಡೆ ಇರಲಿಲ್ಲ. ಮೊಟ್ಟೆ ಒಡೆದವು, ಇಸ್ತ್ರಿಯ ಅಂಗಿ ಹರಿಯಿತು, ತಾಟನ್ನು ಒಬ್ಬ ಬಾಜಾ ಬಾರಿಸಲು ತೆಗೆದುಕೊಂಡ. ಛೀ ಎಂದು ನಾನು ಒದರಿದ್ದು ಆ ಗದ್ದಲದಲ್ಲಿ ನನಗೇ ಕೇಳಲಿಲ್ಲ. ಎಲ್ಲರೂ ದಣಿದು ಬಿಟ್ಟ ಮೇಲೆ ಅವನು ಕಣ್ಣಿನ ಕೆನೆ ಒರೆಸಿಕೊಂಡ. ಕೆನ್ನೆಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟ. ಕೂಡಲೇ ಉಗುಳಿದ. ಮೊಟ್ಟೆಯ ಸಿಪ್ಪೆ ಸೇರಿತ್ತು, ಮಣ್ಣೂ ಸೇರಿತ್ತು. ಕೋಣೆಗೆ ಬಂದೆವು. ಬಚ್ಚಲಿನಲ್ಲಿ ನಾನು ಅವನ ತಲೆಗೆ ನೀರು ಹಾಕುವಾಗ, "ರುಚಿ ಹ್ಯಾಂಗಿತ್ತಂತ ಗೊತ್ತೇ ಆಗಲಿಲ್ಲ ನೋಡು" ಅಂದ. ನಾಚಿಕೆಗೆಟ್ಟ ಮುಂಡೇವು ಅಷ್ಟರಲ್ಲೇ ಆ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ್ದರು. ಕೊಹಿನೂರದಲ್ಲಿ ಪಕ್ಕದ ಮನೆಯ ಹುಡುಗಿ ಅದನ್ನು ಅವನ ಅವ್ವನಿಗೂ ತೋರಿಸಿದಳು. ಅಲ್ಲಿಂದ ಮುಂದೆ ಅವನು ಕೆರೆ ದಂಡೆಗೆ ಹೋಗುವುದನ್ನು ಬಿಟ್ಟ, ಅವನ ನೆಪದಲ್ಲಿ ನಾನೂ ಬಿಟ್ಟೆ.

ಆ ವರ್ಷ ಎಳ್ಳಮಾಸಿಗೆ ಅವನು ನನ್ನನ್ನು ಊರಿಗೆ ಕರೆದುಕೊಂಡು ಹೋದ. ಹೊಲದ ನಡುವೆ ಜೋಳದ ಒಣದಂಟಿನ ಸಣ್ಣ ಕೊಂಪೆ ಕಟ್ಟಿ, ಒಳಗೆ ಕಲ್ಲಿಟ್ಟು ಪೂಜೆ ಮಾಡಿ, ಪೈರಿಗೆಲ್ಲ ನೈವೇದ್ಯದ ಚರಗ ಚೆಲ್ಲಿ ಬಂದೆವು. ಅವ್ವ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆಯಲ್ಲಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ನನ್ನ ಕೈಯಿಂದ ರೊಟ್ಟಿಯ ಚೂರು ಜಾರಿ ಬಿದ್ದಾಗ ಆಕೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಎತ್ತಿನ ಮುಂದೆ ಇಟ್ಟು ಬಂದಳು.

ಆಮೇಲೆ ಮಗನ ಎದುರು ಕೂತು, "ಎಲ್ಲಿ, ಮಾರಿ ಈ ಕಡಿ ತಿರುವು" ಅಂದಳು. ಗಡಿಗೆಯಲ್ಲಿ ಎರಡು ಬೆರಳು ಅದ್ದಿದಳು. ಬೆರಳಿನಿಂದ ಅಂಬಲಿ ಸೋರುವುದನ್ನು ನೋಡಿ ಒಂದು ಗಳಿಗೆ ತಡೆದಳು, ಚೆಲ್ಲಲು ಆಕೆಗೆ ಕೈ ಬರುತ್ತಿರಲಿಲ್ಲ. ಕಡೆಗೆ ಮದುಮಗನಿಗೆ ಅರಿಶಿನ ಹಚ್ಚುವಂತೆ ಅವನ ಎರಡೂ ಕೆನ್ನೆಗೆ ಮೆಲ್ಲಗೆ ಹಚ್ಚಿದಳು.

"ಖರೆ ಹುಟ್ಟಿದ ದಿನ ಇವತ್ತಪ್ಪ. ಹಿಂಗೇ ಅಲ್ಲೇನು, ನಿಮ್ಮ ಕಾಲೇಜಿನ್ಯಾಗ ಮಾಡೋದು? ಫೋನಿನ್ಯಾಗ ನೋಡೀನಿ."

ಗೆಳೆಯ ಕದಲದೆ ಕೂತಿದ್ದ. "ಹೌದವ್ವ, ಹಿಂಗೇ" ಅಂದ.

ನನಗೆ ಹೇಸಿಕೆ ಬಂತು. ಆಕೆಯ ಕೈ ನೋಡಿ ಅಲ್ಲ. ನಮ್ಮ ಹೊಲಸು ಆ ಕೊಂಪೆಯವರೆಗೂ ಬಂದು, ಓದಿದವರ ಪದ್ಧತಿಯೆಂಬ ಮರ್ಯಾದೆ ಪಡೆದು ಕೂತಿತ್ತು. ಕೆರೆ ದಂಡೆಯಲ್ಲಿ ಕಂಡ ಯಾವ ಗಲೀಜಿಗೂ ನಾನು ಅಷ್ಟು ಹೇಸಿರಲಿಲ್ಲ.

ಆಕೆ ಅಂಬಲಿಯ ಗಡಿಗೆಯನ್ನು ನನ್ನ ಕಡೆ ಸರಿಸಿದಳು. "ನೀನೂ ಹಚ್ಚಪ್ಪ. ದೋಸ್ತ ಅದಿ."

ನಾನು ಗಡಿಗೆ ಮುಟ್ಟಲಿಲ್ಲ. ಒಂದು ತುಂಡು ರೊಟ್ಟಿ ಮುರಿದು, ಭಜ್ಜಿ ತುಂಬಿಸಿ, ಅವನ ಬಾಯಿಗಿಟ್ಟೆ. ಅವನು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದ. ಅವ್ವ ನನ್ನನ್ನೂ ಅವನನ್ನೂ ನೋಡಿದಳು. ಅಂಬಲಿ ಹತ್ತಿದ ಬೆರಳುಗಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಹಾಗೇ ಎತ್ತಿ ಹಿಡಿದು ಕೇಳಿದಳು:

"ಅಯ್ಯ, ತಿನ್ನಸ್ತಾರೂ ಏನು? ಸಣ್ಣ ಹುಡುಗರಿಗಷ್ಟೇ ತಿನ್ನಸ್ತಾರ, ಓದಿದವರಿಗೆ ಬರೇ ಹಚ್ಚತಾರ ಅಂತ ತಿಳದಿದ್ದೆ."