ಗಂಡನ ಆಪರೇಶನ್, ಹೆಂಡತಿಯ ಅಲೆದಾಟ

ಅಕ್ಕಿಆಲೂರಿನ ಸುಶೀಲವ್ವ ಚುರುಮುರಿ ಭಟ್ಟಿ ನಡೆಸುತ್ತಿದ್ದಳು. ಕಾದ ಉಸುಕಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು, ಸಂತೆಯ ದಿನ ಚೀಲಗಟ್ಟಲೆ ಮಾರುವವಳು. ಮಾತು ಜೋರು, ಕೆಲಸ ಇನ್ನೂ ಜೋರು. ಗಂಡ ಮಹಾಲಿಂಗಪ್ಪ ಅಕ್ಕಿ ಗಿರಣಿಯಲ್ಲಿ ಫಿಟರ್. ಅವನ ಬಾಯಿಂದ ಮಾತು ಹೊರಡಿಸುವುದೇ ಕಷ್ಟ.

ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸುಶೀಲವ್ವ ಉಳಿದದ್ದೇ ದೊಡ್ಡದಾಯಿತು. ಇನ್ನು ಮಕ್ಕಳು ಸಾಕು ಎಂದು ಗಂಡಹೆಂಡತಿ ಇಬ್ಬರೂ ಕೂತು ತೀರ್ಮಾನಿಸಿದರು. ತುರ್ತು ಪರಿಸ್ಥಿತಿಯ ಕಾಲ. ಆಪರೇಶನ್ನಿಗೆ ಹಿಡಿದೊಯ್ಯುವ ಜೀಪು ಬಂತೆಂದರೆ ಊರಿನ ಗಂಡಸರು ಗದ್ದೆಗಳ ಕಡೆ ಓಡುತ್ತಿದ್ದಾಗ ಮಹಾಲಿಂಗಪ್ಪ ತಾನಾಗಿಯೇ ಸಂತಾನಹರಣ ಶಿಬಿರಕ್ಕೆ ಹೋಗಿ ಆಪರೇಶನ್ ಮಾಡಿಸಿಕೊಂಡು ಬಂದ. "ನೀ ಅನುಭವಿಸಿದ್ದು ಸಾಕು" ಎಂದಷ್ಟೇ ಹೆಂಡತಿಗೆ ಹೇಳಿದ. ಗಿರಣಿಯಲ್ಲಿ ಅವನನ್ನು ನೋಡಿ ಬಹಳ ದಿನ ನಕ್ಕರು.

೧೯೭೯ರ ಬೇಸಿಗೆಯಲ್ಲಿ ಸುಶೀಲವ್ವನ ಮುಟ್ಟು ನಿಂತಿತು. ಭಟ್ಟಿಯ ಉಷ್ಣವಿರಬೇಕು ಎಂದುಕೊಂಡಳು. ಆಮೇಲೆ ಕಾದ ಉಸುಕಿನ ವಾಸನೆಗೇ ವಾಂತಿ ಬರತೊಡಗಿದಾಗ ಗಂಡನಿಗೆ ಹೇಳಿದಳು.

"ಹಂಗಾದ್ರ ನನ್ನ ಆಪರೇಶನ್ ಕೆಟ್ಟೈತಿ. ನಡಿ, ದವಾಖಾನಿಗೆ ಹೋಗೂಣು."

ಮಾರನೆಯ ದಿನವೇ ಹೋದರು. ಆ ಸರ್ಕಾರಿ ದವಾಖಾನೆ ಯಾವ ಊರಿನದು ಎಂದು ಹೇಳುವುದು ಬೇಡ. ಡಾಕ್ಟರು ಶಿಬಿರಕ್ಕೆ ಹೋಗಿದ್ದರು. ಮುಂದಿನ ವಾರ ಹೋದರೆ ಮೀಟಿಂಗಿಗೆ ಹೋಗಿದ್ದರು. ಮೂರನೆಯ ಸಲ ಸಿಕ್ಕವರು ಕುರ್ಚಿಯಿಂದ ಏಳದೆಯೇ ಕೇಳಿದರು:

"ಗಂಡನ ಆಪರೇಶನ್ ಆಗೇತಿ ಅಂತೀಯಲ್ಲ, ಮತ್ತ ಇದು ಹೆಂಗ ಬಂತವಾ?"

"ಅದನ್ನ ನೀವ ಹೇಳಬೇಕ್ರಿ. ಆಪರೇಶನ್ ಮಾಡಿದವರು ನಿಮ್ಮ ಮಂದಿ."

ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರು ಮಹಾಲಿಂಗಪ್ಪನ ಕಡೆ ತಿರುಗಿದರು.

"ನಿನಗ ಸಂಶೇ ಇಲ್ಲೇನಪಾ?"

"ಇಲ್ರಿ."

"ನನಗೈತಿ. ಬಸುರು ತಗದುಬಿಟ್ರ ಆಪರೇಶನ್ ಫೇಲಾತು ಅಂತ ನಾ ಬರೀಬೇಕಾಗತೈತಿ. ಮ್ಯಾಲಿನವರು ನನ್ನ ಹಿಡಿದು ಕೇಳ್ತಾರ. ಹುಬ್ಬಳ್ಳಿಗೆ ಹೋಗಿ ನಿನ್ನ ವೀರ್ಯ ಪರೀಕ್ಷೆ ಮಾಡಿಸ್ಕೊಂಡು ಬಾ, ಆಮ್ಯಾಲೆ ನೋಡೂಣು."

ಹುಬ್ಬಳ್ಳಿಗೆ ಹೋಗಲು ಗಿರಣಿಯಲ್ಲಿ ರಜೆ ಸಿಗಬೇಕು. ರಜೆ ಸಿಕ್ಕ ದಿನ ಪರೀಕ್ಷೆ ಮಾಡುವವನು ಇರಲಿಲ್ಲ. ಇನ್ನೊಮ್ಮೆ ಹೋದರೆ, ಫಲಿತಾಂಶಕ್ಕೆ ಮತ್ತೆ ಬಾ ಎಂದರು. ಇಷ್ಟರಲ್ಲಿ ಓಣಿಯ ಹೆಂಗಸರು ಸುಶೀಲವ್ವನನ್ನು ಕಂಡರೆ ಮಾತು ನಿಲ್ಲಿಸುವುದು ಶುರುವಾಗಿತ್ತು. ಚುರುಮುರಿ ಕೊಳ್ಳಲು ಬಂದವರ ಕಣ್ಣು ಜರಡಿಯ ಮೇಲಿರದೆ ಅವಳ ಹೊಟ್ಟೆಯ ಮೇಲಿರುತ್ತಿತ್ತು.

ಕೊನೆಗೊಂದು ದಿನ ಮಹಾಲಿಂಗಪ್ಪ ಹುಬ್ಬಳ್ಳಿ ಬಸ್ಸಿನಿಂದ ಇಳಿದವನೇ, ಜನ್ಮದಲ್ಲಿ ಆಡದಷ್ಟು ಮಾತಾಡುತ್ತ ಬಂದ. ಪಾನಂಗಡಿಯವನಿಗೆ ಹೇಳಿದ, ಗಿರಣಿಯವರಿಗೆ ಹೇಳಿದ, ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ: "ಆಪರೇಶನ್ ಕೆಟ್ಟದ್ದು ಖರೇ ಐತಂತ! ಕೂಸು ನಂದ!"

ಸುಶೀಲವ್ವ ಜರಡಿ ಕೆಳಗಿಟ್ಟಳು.

"ಇಷ್ಟು ವರ್ಷ ಸಂಸಾರ ಮಾಡೇನಿ. ನನ್ನ ಮಾತು ಸಾಲಲಿಲ್ಲೇನ್ರಿ ನಿಮಗ?"

"ನನಗಲ್ಲಬೇ, ಮಂದಿಗೆ..."

"ಮಂದಿ ಬಸುರಾಗಿಲ್ಲ. ನಾ ಆಗೇನಿ. ದಿನಾ ಹೋಗಾಕತ್ತಾವು, ಅದರ ಖಬರ ಐತೇನು?"

ಆ ಸಂಜೆ ಭಟ್ಟಿಗೆ ಸೌದೆ ಒಡೆಯುತ್ತ ಕೂತ ಮಹಾಲಿಂಗಪ್ಪ ಊಟಕ್ಕೂ ಏಳಲಿಲ್ಲ.

ಹುಬ್ಬಳ್ಳಿಯ ವರದಿ ಹಿಡಿದು ಹೋದಾಗ ದವಾಖಾನೆಯಲ್ಲಿ ಬೇರೆ ಡಾಕ್ಟರಿದ್ದರು. ಹಳಬರಿಗೆ ವರ್ಗವಾಗಿತ್ತು. ಹೊಸಬರು ಹೊಟ್ಟೆ ಮುಟ್ಟಿ ನೋಡಿ ತಲೆಯಾಡಿಸಿದರು.

"ಮೂರು ತಿಂಗಳು ದಾಟೇತಿ. ಇನ್ನ ಮ್ಯಾಲೆ ತಗೀಬೇಕಂದ್ರ ಇಬ್ಬರು ಡಾಕ್ಟರ್ ಒಪ್ಪಬೇಕು. ಇಲ್ಲಿ ಇರಾವ ನಾ ಒಬ್ಬನ."

"ಮೊದಲನೇ ಸಲ ಬಂದಾಗ ದಾಟಿರಲಿಲ್ರಿ. ಆಗ ಪರೀಕ್ಷೆ ಅಂದ್ರಿ. ಪರೀಕ್ಷೆ ಮಾಡಿಸಿದ್ರ ತಿಂಗಳು ದಾಟೇತಿ ಅಂತೀರಿ. ದಾಟಿಸಿದವರು ಯಾರ್ರಿ?"

"ನನ್ನ ಮ್ಯಾಲೆ ಯಾಕ ಸಿಟ್ಟಾಗ್ತೀ? ನಾ ಬಂದು ನಾಕು ದಿನ ಆಗಿಲ್ಲ."

ಅದೂ ಸುಳ್ಳಲ್ಲ. ಯಾರನ್ನು ಹಿಡಿದು ಕೇಳಿದರೂ ತಪ್ಪು ಅವರದಲ್ಲ. ಸುಶೀಲವ್ವನಿಗೆ ಅಳುವುದಕ್ಕಿಂತ ಡಾಕ್ಟರ ಮೇಜನ್ನು ಎತ್ತಿ ಅಂಗಳಕ್ಕೆ ಒಗೆಯಬೇಕೆನಿಸಿತು.

ಮನೆಗೆ ಬಂದವಳು, ಊರ ಹೊರಗೆ ಕಡ್ಡಿ ಹಾಕಿ ಬಸುರು ತೆಗೆಯುವ ಮುದುಕಿಯ ಮನೆ ಎಲ್ಲಿ ಎಂದು ವಿಚಾರಿಸಿದಳು. ಅದನ್ನು ಕೇಳಿಸಿಕೊಂಡ ನೆರೆಮನೆಯ ಬಳೆಗಾರ್ತಿ ಬಾನುಬಿ ಓಡಿಬಂದಳು.

"ಬ್ಯಾಡ ಅಕ್ಕಾ. ನನ್ನ ನಾದಿನಿ ಹಂಗ ಹೋಗಿ ವಾಪಸ್ ಬರಲಿಲ್ಲ. ನನ್ನ ತವರು ಸವಣೂರಾಗ ಮನೋರಮಾ ಅಂತ ಡಾಕ್ಟರಬಾಯಿ ಅದಾರ. ಒಮ್ಮೆ ಅವರನ್ನ ಕೇಳು."

ಬಾನುಬಿಯೇ ಜೊತೆಗೆ ಹೊರಟಳು. ಮಹಾಲಿಂಗಪ್ಪ ಈ ಸಲ ರಜೆ ಕೇಳಲಿಲ್ಲ, ಹೇಳದೆಯೇ ಬಂದ. ಮನೋರಮಾ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಪರೀಕ್ಷೆ ಬೇಕು ಅಂತ ಯಾವ ಕಾಯದೇದಾಗ ಅದ? ಗಂಡಂದಾಗ್ಲಿ ಹೆಂಡತೀದಾಗ್ಲಿ, ಮಕ್ಕಳು ಬ್ಯಾಡಂತ ಮಾಡಿದ ಉಪಾಯ ಕೆಟ್ಟು ಬಸುರಾದ್ರ ತಗೀಲಿಕ್ಕೆ ಅವಕಾಶ ಅದ. ನೀವು ಒಪ್ಪಿದ್ರ ಸಾಕು. ಮೊದಲ ದಿನಾನೇ ಮಾಡಿದ್ರ ಸಂಜೀಕೆ ಮನೀಗೆ ಹೋಗಿರ್ತಿದ್ರಿ."

"ಹಂಗಾದ್ರ ನೀವ ಮಾಡ್ರಿ ಬಾಯೇರ."

"ನನ್ನ ದವಾಖಾನಿಗೆ ಅದರ ಪರವಾನಗಿ ಇಲ್ಲವ್ವಾ. ಆದ್ರ ನಿಮ್ಮನ್ನ ಇನ್ನೊಂದು ಬಾಗಿಲಿಗೆ ಒಬ್ಬರನ್ನೇ ಕಳಸೂದಿಲ್ಲ."

ಮರುದಿನ ಶಿಗ್ಗಾಂವಿಯ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಮನೋರಮಾ ಡಾಕ್ಟರೂ ಕೂತಿದ್ದರು. ದೊಡ್ಡ ದವಾಖಾನೆಯಲ್ಲಿ ತಮ್ಮ ಜೊತೆ ಓದಿದವರನ್ನು ಹುಡುಕಿ ಮಾತಾಡಿದರು. ಇಷ್ಟು ದಿನ ಎಲ್ಲೂ ಸಿಗದ ಇಬ್ಬರು ಡಾಕ್ಟರು ಅಲ್ಲಿ ಊಟದ ಹೊತ್ತಿಗೆ ಮೊದಲೇ ಸಿಕ್ಕರು.

ಮೂರು ತಿಂಗಳು ದಾಟಿದ್ದರಿಂದ ಸುಲಭವಾಗಲಿಲ್ಲ. ಹೆರಿಗೆಯಂಥದೇ ನೋವು, ಆಮೇಲೆ ಜ್ವರ. ಬಾನುಬಿ ಅವಳ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಮನೆಗೆ ಬಂದ ಮೇಲೂ ಸುಶೀಲವ್ವ ದೀಪಾವಳಿಯವರೆಗೆ ಭಟ್ಟಿಯ ಮುಂದೆ ನಿಲ್ಲಲಾರದೆ ಹೋದಳು. ಗಿರಣಿಯಿಂದ ಬಂದ ಗಂಡ ತಾನೇ ಅಕ್ಕಿ ಹುರಿಯಲು ನಿಂತು ಅರ್ಧಕ್ಕರ್ಧ ಸೀಯಿಸಿದ. ಅವಳು ಮಲಗಿದಲ್ಲಿಂದಲೇ ಬೈದಳು. ಅಷ್ಟು ದಿನಗಳ ಮೇಲೆ ಅವನು ನಕ್ಕದ್ದು ಅವತ್ತೇ. ಚಳಿಗಾಲದಲ್ಲಿ ಅವನು ಎರಡನೆಯ ಸಲ ಆಪರೇಶನ್ ಮಾಡಿಸಿಕೊಂಡ. ಮೊದಲನೆಯದು ಕೆಟ್ಟಿತ್ತೆಂದು ಆ ದವಾಖಾನೆಯವರು ಎಲ್ಲಿಯೂ ಬರೆಯಲಿಲ್ಲ.

ಮುಂದೆ ಯಾವ ಹೆಂಗಸಿಗೆ ಇಂಥ ಸಂಕಟ ಬಂದರೂ ಸುಶೀಲವ್ವನಿಗೆ ಸುದ್ದಿ ಮುಟ್ಟುತ್ತಿತ್ತು. ಎಂಬತ್ತಾರರಲ್ಲಿ ಹಿರೇಕೆರೂರು ಕಡೆಯ ಅಬಲೂರಿನಿಂದ ಅನ್ನವ್ವ ಎಂಬವಳು ಹುಡುಕಿಕೊಂಡು ಬಂದಳು. ಎಳೆಗೂಸು ಇನ್ನೂ ಮೊಲೆ ಬಿಟ್ಟಿರಲಿಲ್ಲ, ಆಗಲೇ ಮತ್ತೆ ಬಸುರಿ. ಸುಶೀಲವ್ವ ಅವಳ ಜೊತೆ ದವಾಖಾನೆಗೆ ಹೋದಳು. ಡಾಕ್ಟರು ಗಡಿಯಾರ ನೋಡಿ, ಸೋಮವಾರ ಬರ್ರಿ ಎಂದರು.

"ಸೋಮವಾರ ನೀವು ಮೀಟಿಂಗಿಗೆ ಹೋಗ್ತೀರಿ, ಮುಂದಿನ ಸೋಮವಾರ ನಿಮಗ ವರ್ಗ ಆಗತೈತಿ" ಎಂದಳು ಸುಶೀಲವ್ವ. "ನಾವು ಎಲ್ಲೂ ಹೋಗೂದಿಲ್ರಿ. ಇಲ್ಲೇ ಕುಂದರ್ತೇವಿ."

ಬುತ್ತಿ ಬಿಚ್ಚಿ, ಅನ್ನವ್ವನಿಗೊಂದು ರೊಟ್ಟಿ ಕೊಟ್ಟು, ತಾನೂ ಒಂದು ಮುರಿದಳು. ರೊಟ್ಟಿ ಮುಗಿಯುವ ಮೊದಲೇ ಒಳಗಿನಿಂದ ಅನ್ನವ್ವನ ಹೆಸರು ಕೂಗಿದರು.