ಕೊರಕಲಿನ ಆಚೆಗೆ ಹೋದ ಹೋತ

ಅಪ್ಪ ಗಲ್ಫಿನ ಸಹಮ್‌ಗೆ ನಮ್ಮ ಮನೆಗೆ ಬಂದದ್ದು ಒಂದು ಚಳಿಗಾಲದಲ್ಲಿ, ವಿಸಿಟ್ ವೀಸಾದ ಮೇಲೆ. ಬರುವ ಮೊದಲು ಊರಿನ ಠಾಣೆಗೆ ಹೋಗಿ, ತಮ್ಮ ಕೋವಿಯ ಲೈಸೆನ್ಸ್ ಇನ್ನು ಬೇಡವೆಂದು ಬರೆದುಕೊಟ್ಟು ಬಂದಿದ್ದರು. ಪ್ರತಿ ಚುನಾವಣೆಗೂ ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ಹೋಗಿ ತರುತ್ತಿದ್ದ ಕೋವಿ ಅದು. ಆ ಸಲ ಇಟ್ಟದ್ದನ್ನು ತರಲಿಲ್ಲ.

"ಕಣ್ಣು ದೂರದ್ದು ಈಗಲೂ ಕಾಣ್ತದೆ ಬಾಯೆ. ಕೈ ನಡುಗ್ತದೆ. ನಡುಗುವ ಕೈಗೆ ಕೋವಿ ಎಂತಕ್ಕೆ?" ಎಂದಷ್ಟೇ ಹೇಳಿದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅಪ್ಪನಿಗೆ ನಾನು ಈ ವಯಸ್ಸಿನಲ್ಲೂ 'ಬಾಯೆ'ಯೇ, ಪುಟ್ಟ ಹುಡುಗಿಯೇ.

ಘಟ್ಟದ ಬುಡದ ನಮ್ಮೂರಿನಲ್ಲಿ ಗದ್ದೆಗೆ ನುಗ್ಗುವ ಹಂದಿಗಳನ್ನು ಅಪ್ಪ ಹೊಡೆಯುತ್ತಿದ್ದರು. ಹಂದಿಯ ಲೆಕ್ಕ ಊರಿನವರು ಹೇಳುತ್ತಿದ್ದರು, ಅಪ್ಪ ಹೇಳುತ್ತಿರಲಿಲ್ಲ. ಅವರು ಹೇಳುತ್ತಿದ್ದದ್ದು ಒಂದೇ ಮಾತು: ಗಾಯ ಮಾಡಿ ಬಿಟ್ಟು ಬರುವವ ಬೇಟೆಗಾರನಲ್ಲ. ಈಡು ತಪ್ಪಿ ಕಾಲಿಗೆ ತಾಗಿದ ಹಂದಿಯ ಹಿಂದೆ ಹೋದವರು ಮರುದಿನ ಮಧ್ಯಾಹ್ನ ಮನೆಗೆ ಬಂದದ್ದು ನನಗೆ ನೆನಪಿದೆ. ಅಮ್ಮ ಒಂದು ಮಾತೂ ಬೈಯದೆ ಗಂಜಿ ಬಿಸಿ ಮಾಡಿದ್ದರು.

ಸಹಮ್‌ನಲ್ಲಿ ನಮ್ಮ ಫ್ಲಾಟು ಒಂದು ಟೈಲರ್ ಅಂಗಡಿಯ ಮೇಲೆ. ಬಂದವರೆಲ್ಲ ಸಮುದ್ರ ನೋಡಲು ಹೋಗುತ್ತಾರೆ. ಅಪ್ಪ ಮಾತ್ರ ಹಿಂದಿನ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಚಹಾದ ಲೋಟ ಹಿಡಿದು, ಪಶ್ಚಿಮದ ಬೆಟ್ಟಗಳನ್ನು ನೋಡುತ್ತಿದ್ದರು. "ಅಲ್ಲಿ ಎಂತ ಪ್ರಾಣಿ ಉಂಟು?" ಎಂದು ದಿನಾ ಕೇಳುತ್ತಿದ್ದರು. ಇನ್ನೊಮ್ಮೆ ಬೇಟೆಗೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲೂ ಇಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಟ್ಟದ ಹಳ್ಳಿಯ ಒಬ್ಬ ಮುದುಕ ತನ್ನ ಹೆಂಡತಿಯನ್ನು ನಮ್ಮ ವಾರ್ಡಿನಲ್ಲಿ ಬಹಳ ದಿನ ಇಟ್ಟಿದ್ದ. ಗುಣವಾಗಿ ಹೋದ ಮೇಲೂ ಅವನು ಆಗಾಗ ಖರ್ಜೂರ ತಂದುಕೊಡುತ್ತಿದ್ದ. ಒಮ್ಮೆ ಹೀಗೆ ಬಂದವನಿಗೆ ಅಪ್ಪನ ಕಥೆ ಹೇಳಿದೆ. ಅವನ ಕಣ್ಣು ಅರಳಿತು. ಅವನದೊಂದು ಹೋತ ಮಂದೆ ಬಿಟ್ಟು ಬೆಟ್ಟ ಹತ್ತಿ ಕಾಡಿನದೇ ಆಗಿಬಿಟ್ಟಿದೆಯಂತೆ. ಕೆಳಗಿಳಿದು ಬಂದು ಹೆಣ್ಣಾಡುಗಳನ್ನು ಕರೆದುಕೊಂಡು ಹೋಗುತ್ತದೆ, ಅವು ತೋಳಕ್ಕೆ ಸಿಗುತ್ತವೆ. "ಕಾಡುಮೇಕೆ ಮುಟ್ಟಿದರೆ ಜೈಲು, ಸಿಸ್ಟರ್. ಇದು ನನ್ನದೇ ಹೋತ, ನನ್ನದೇ ಲೈಸೆನ್ಸಿನ ಬಂದೂಕು. ನಿಮ್ಮ ಬಾಬಾನನ್ನು ಕರೆದುಕೊಂಡು ಬನ್ನಿ. ನನ್ನ ಕಣ್ಣಿಗೆ ದೂರದ್ದು ಮಂಜು, ಅವರು ನೋಡಲಿ, ನಾನು ಹೊಡೆಯುತ್ತೇನೆ."

ಅಪ್ಪ ಆ ದಿನ ಎರಡು ಸಲ ಗಡ್ಡ ಹೆರೆದುಕೊಂಡರು.

"ಮಾವ, ಫ್ರೀಜರ್ ಖಾಲಿ ಮಾಡಿ ಇಡ್ತೇನೆ," ಎಂದರು ನನ್ನ ಗಂಡ.

"ನೀನು ಮೊದಲು ಅದರಲ್ಲಿರುವ ಹಳೇ ಬಂಗುಡೆ ತಿಂದು ಮುಗಿಸು ಮಾರಾಯ," ಎಂದರು ಅಪ್ಪ.

ಶುಕ್ರವಾರ ಬೆಳಿಗ್ಗೆ ಮುದುಕನ ಪಿಕಪ್ಪಿನಲ್ಲಿ ಹೊರಟೆವು. ಮೊಟ್ಟೆ ಸುತ್ತಿದ ಚಪಾತಿ, ಅಪ್ಪನ ಬಿಪಿ ಮಾತ್ರೆ, ಟರ್ಕಿ ಟವೆಲು, ಎರಡು ಫ್ಲಾಸ್ಕು ನನ್ನ ಚೀಲದಲ್ಲಿ. ಹಳ್ಳಿಯ ಮನೆಯಲ್ಲಿ ಮುದುಕಿ ನನ್ನ ಕೆನ್ನೆ ಹಿಡಿದು ಕಹ್ವಾ ಕಾಫಿ ಕುಡಿಸಿದಳು, ಅಪ್ಪನ ಕ್ಯಾನ್ವಾಸ್ ಬೂಟು ನೋಡಿ ತಲೆಯಾಡಿಸಿದಳು.

ಬೆಟ್ಟ ಎಂದರೆ ನಮ್ಮ ಘಟ್ಟದಂತಲ್ಲ. ನೆರಳಿಲ್ಲ, ಹಿಡಿಯಲು ಬಳ್ಳಿಯಿಲ್ಲ. ಕಾಲಿಟ್ಟಲ್ಲಿ ಕಲ್ಲಿನ ಚಕ್ಕೆಗಳು ಜಾರಿ ಕೆಳಗೆ ಹೋಗುತ್ತಲೇ ಇರುತ್ತವೆ. "ನಮ್ಮಲ್ಲಿ ಕಿವಿಯಲ್ಲಿ ಬೇಟೆ. ಇಲ್ಲಿ ಕಣ್ಣಲ್ಲಿ," ಎಂದರು ಅಪ್ಪ, ಏದುಸಿರಿನ ನಡುವೆ. ಒಂದು ತಿರುವಿನಲ್ಲಿ ಅವರು ಗಾಳಿಯ ದಿಕ್ಕು ನೋಡಲು ಚಿಟಿಕೆ ಧೂಳು ತೆಗೆದು ಬಿಟ್ಟರು. ಮುಂದೆ ಹೋಗುತ್ತಿದ್ದ ಮುದುಕನೂ ಆಗಲೇ ಅದನ್ನೇ ಮಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಕಳ್ಳ ಹುಡುಗರ ಹಾಗೆ ನಕ್ಕರು. ಅಲ್ಲಿಂದ ಮುಂದೆ ನನ್ನ ಅನುವಾದ ಅವರಿಗೆ ಬೇಕಾಗಲಿಲ್ಲ. ಅಪ್ಪ ಕೊಂಕಣಿಯಲ್ಲಿ, ಅವನು ಅರಬಿಯಲ್ಲಿ, ಕೈ ತೋರಿಸುತ್ತಾ ಹರಟುತ್ತಾ ಹತ್ತಿದರು. ನಾನು ಹಿಂದೆ ಬಿದ್ದೆ. ಒಂದು ಕಾಡು ಆಲಿವ್ ಮರದ ಬುಡದಲ್ಲಿ ಚೀಲ ಇಳಿಸಿ ಕುಳಿತೆ. "ನೀವು ಹೋಗಿ, ನಾನು ಇಲ್ಲೇ ಇರ್ತೇನೆ," ಎಂದೆ. ಯಾರೂ ತಿರುಗಿ ನೋಡಲಿಲ್ಲ.

ನಾನು ಕೂತಲ್ಲಿಂದ ಎಲ್ಲ ಕಾಣುತ್ತಿತ್ತು. ಆಳವಾದ ಕೊರಕಲು, ಅದರ ಆಚೆ ಬದಿಯ ಬಂಡೆಯಲ್ಲಿ ಒಂದು ಕಿರಿದಾದ ಅಂಚು. ಆ ಅಂಚಿನ ಮೇಲೆ ಕಪ್ಪು ಹೋತ. ಮುದುಕ ಒಂದು ಕಲ್ಲಿನ ಹಿಂದೆ ಮಲಗಿ ಬಂದೂಕು ಊರಿದ. ಅಪ್ಪ ಅವನಿಗಿಂತ ಸ್ವಲ್ಪ ಮೇಲೆ, ದುರ್ಬೀನು ಹಿಡಿದು ಕುಳಿತರು. ಮುದುಕ ಬಿಸ್ಮಿಲ್ಲಾ ಎಂದು ಹೇಳಿಕೊಂಡದ್ದು ಅವನ ತುಟಿಯಲ್ಲಿ ಕಂಡಿತು. ಈಡು ಸಿಡಿಯಿತು. ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಮುಗಿಯುವ ಮೊದಲೇ ಹೋತ ಮುಂಗಾಲು ಮಡಚಿ ಬಿದ್ದಿತ್ತು. ಬಿದ್ದದ್ದು ಅಂಚಿನ ಮರೆಗೆ; ಮುದುಕನಿಗೆ ಅದು ಕಾಣುತ್ತಿರಲಿಲ್ಲ. ಮೇಲೆ ಕುಳಿತ ಅಪ್ಪನಿಗೆ ಕಾಣುತ್ತಿತ್ತು. ಅವರು ಕಂಡದ್ದು, ಅದು ತಲೆಯೆತ್ತಿದ್ದು.

"ಖಲಾಸ್!" ಎಂದು ಅಪ್ಪ ಕೂಗಿದರು. "ಖಲಾಸ್! ಖಲಾಸ್!"

ನಮ್ಮ ಕಡೆ ಖಲಾಸ್ ಮಾಡು ಎಂದರೆ ಕೊಂದುಬಿಡು. ಜೀವ ಹೋಗಿಲ್ಲ, ಇನ್ನೊಂದು ಈಡು ಹಾಕು, ನರಳಿಸಬೇಡ ಎಂದು ಅಪ್ಪ ಕೂಗುತ್ತಿದ್ದರು. ಅರಬಿಯವನಿಗೆ ಖಲಾಸ್ ಎಂದರೆ ಆಯಿತು, ಮುಗಿಯಿತು, ಸಾಕು. ಮುದುಕ ತಿರುಗಿ ನೋಡಿದ. ಮುಖ ತುಂಬ ನಗು.

"ಖಲಾಸ್, ಬಾಬಾ? ಅಲ್ಹಮ್ದುಲಿಲ್ಲಾ!"

ಬಂದೂಕಿನ ತೋಟಾ ತೆಗೆದು ಹೆಗಲಿಗೇರಿಸಿದ. ಸೊಂಟದ ಚೂರಿ ಹಿರಿದು, ಉಸಿರು ಹೋಗುವ ಮೊದಲು ಕೊಯ್ಯಬೇಕೆಂದು ಕೊರಕಲಿಗೆ ಇಳಿಯತೊಡಗಿದ. ಅಪ್ಪ ಮತ್ತೂ ಜೋರಾಗಿ ಕೂಗಿದರು, ಅದೇ ಮಾತು. ಅವನು ಇಳಿಯುತ್ತಲೇ ಕೈಯೆತ್ತಿ ಬೀಸಿದ, ಗೆದ್ದವರಿಗೆ ಬೀಸುವ ಹಾಗೆ.

ಎರಡೂ ಖಲಾಸುಗಳು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಕೂಡಲೇ "ಲಾ! ಲಾ! ಸತ್ತಿಲ್ಲ, ಹೊಡಿ!" ಎಂದು ಅರಬಿಯಲ್ಲಿ ಕಿರುಚಿದೆ. ಮುದುಕ ನಿಂತ, ಚೂರಿ ಬಾಯಲ್ಲಿ ಕಚ್ಚಿ ಬಂದೂಕಿಗೆ ಕೈ ಹಾಕಿದ. ಅಷ್ಟರಲ್ಲಿ ಹೋತ ಮೂರು ಕಾಲಿನಲ್ಲಿ ಎದ್ದು, ಅಂಚಿನ ಉದ್ದಕ್ಕೆ ಕುಂಟುತ್ತಾ ಹೋಗಿ, ಬಂಡೆಯ ತುದಿಯನ್ನು ದಾಟಿ ಆಚೆಗೆ ಇಳಿದುಬಿಟ್ಟಿತು.

ನಾನು ಮೇಲೆ ಹತ್ತಿ ಹೋಗಿ ಇಬ್ಬರಿಗೂ ಬಿಡಿಸಿ ಹೇಳಿದೆ. ಮುದುಕ ತಲೆಗೆ ಕೈ ಹೊತ್ತು ಕುಳಿತ. ಅವನ ಸಂಕಟ ಹೋತದ ಮಾಂಸ ಹೋದದ್ದಲ್ಲ. ಬಿಸ್ಮಿಲ್ಲಾ ಹೇಳಿ ಹೊಡೆದದ್ದನ್ನು ಕೊಯ್ಯದೆ ಸಾಯಲು ಬಿಟ್ಟದ್ದು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ಆ ಪ್ರಾಣಿ ಬೇಗ ಮುಗಿಯಬೇಕು ಎಂಬುದು.

ಆ ತುದಿಯ ಆಚೆಗೆ ದಾರಿಯಿಲ್ಲ, ಬೆಟ್ಟ ಸುತ್ತಿ ಬರಬೇಕು. ಬಿಸಿಲು ಆಗಲೇ ಕೆಂಪಾಗಿತ್ತು. ಇಳಿದೆವು. ಹಳ್ಳಿಗೆ ಬಂದಾಗ ನನ್ನ ಗಂಡ ಕರೆದೊಯ್ಯಲು ಕಾರು ತಂದು ನಿಂತಿದ್ದರು. ಅಪ್ಪ ಹತ್ತಲಿಲ್ಲ.

"ನಾಳೆ ಹೋಗಿ ಹುಡುಕ್ಬೇಕು. ನಾನು ಇಲ್ಲೇ ಉಳಿತೇನೆ."

"ಪಪ್ಪಾ, ನಾಳೆ ನನಗೆ ಡ್ಯೂಟಿ ಉಂಟು. ಮಾತಿಗೆ ಯಾರೂ ಇಲ್ಲ."

"ಮಾತು ಸಾಕು," ಎಂದರು. ಆಮೇಲೆ ಕಾರಿನ ಕಿಟಕಿಗೆ ಬಗ್ಗಿ, "ಜೀವ ಉಂಟು ಅಂತ ಅರಬಿಯಲ್ಲಿ ಹೇಗೆ ಹೇಳುವುದು?" ಎಂದು ಕೇಳಿದರು.

"ಹಯ್ಯ್."

"ಅಷ್ಟೇಯಾ?"

"ಅಷ್ಟೇ."

ಹಯ್ಯ್, ಹಯ್ಯ್ ಎಂದು ಬಾಯಿಪಾಠ ಮಾಡುವ ಮಗುವಿನ ಹಾಗೆ ಹೇಳಿಕೊಳ್ಳುತ್ತಾ ಮುದುಕನ ಮನೆಯೊಳಗೆ ಹೋದರು. ಬಿಪಿ ಮಾತ್ರೆ ಮುದುಕಿಯ ಕೈಯಲ್ಲಿ ಕೊಟ್ಟು ಬಂದೆ.

ಮರುದಿನ ಡ್ಯೂಟಿ ಮುಗಿಸಿ ಹೋದಾಗ ಇಬ್ಬರೂ ಅಂಗಳದ ಚಾಪೆಯಲ್ಲಿ ಕುಳಿತಿದ್ದರು. ನಡುವೆ ಖರ್ಜೂರದ ತಟ್ಟೆ, ಯಾರೂ ಮುಟ್ಟಿರಲಿಲ್ಲ. ಅಪ್ಪನ ಒಂದು ಬೂಟಿನ ಅಡಿ ಕಿತ್ತುಹೋಗಿ ಹಗ್ಗದಲ್ಲಿ ಕಟ್ಟಿದ್ದರು. ಬೆಟ್ಟ ಸುತ್ತಿ ಹೋಗಿ ರಕ್ತದ ಗುರುತು ಹಿಡಿದಿದ್ದರಂತೆ. ಗುರುತು ಒಂದು ಪ್ರಪಾತದ ಬಾಯಿಗೆ ಹೋಗಿ ನಿಂತಿತ್ತು. ಕೆಳಗೆ ಹದ್ದುಗಳು ಸುತ್ತುತ್ತಿದ್ದವು. ಇಳಿಯಲು ಅವರಿಬ್ಬರಲ್ಲಿ ಯಾರಿಗೂ ಕಾಲಿನ ಬಲವಿರಲಿಲ್ಲ.

ಅಪ್ಪ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತರು. ಡಾಂಬರು ರಸ್ತೆ ಬಂದಾಗ ಮುಂದಕ್ಕೆ ಬಗ್ಗಿದರು.

"ನೀನು ಹೇಳಿಕೊಟ್ಟದ್ದು ಸರಿಯಾಗಿ ಕಲಿತಿದ್ದೆ ಬಾಯೆ," ಎಂದರು ಆಮೇಲೆ. "ಹಯ್ಯ್ ಅಂತ ಹೇಳ್ಲಿಕ್ಕೆ ಅವಕಾಶವೇ ಸಿಗಲಿಲ್ಲ."