ಆರದ ಭಟ್ಟಿಯ ಗೌರಕ್ಕ

ಗೌರಕ್ಕನಿಗೆ ಎಡಗಡೆ ಹುಬ್ಬು ಇರಲಿಲ್ಲ. ಬೇಕರಿ ಭಟ್ಟಿಯ ಬಾಯಿಗೆ ಮುಖ ಕೊಟ್ಟು ಬೆಂಕಿ ನೋಡುವವಳು, ಕೂದಲು ಚಿಗುರುವ ಮೊದಲೇ ಮತ್ತೆ ಸುಟ್ಟುಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ, "ಹುಬ್ಬಲ್ಲೇನು ಹಿಟ್ಟು ಕಲಸ್ತೀನಾ?" ಅನ್ನುವಳು.

ಬಾಣಾವರದ ಸ್ಟೇಷನ್ ರಸ್ತೆಯಲ್ಲಿ, ಎಸ್‌ಟಿಡಿ ಬೂತಿನ ಪಕ್ಕ ಅವಳ ಬೇಕರಿ. ಗೋಡೆಯ ಈಚೆ ನನ್ನ ಮನೆ. ಅವಳದು ಇಟ್ಟಿಗೆಯ ಭಟ್ಟಿ, ಒಬ್ಬ ಆಳು ಒಳಗೆ ತೆವಳಬಹುದು, ಅಷ್ಟು ದೊಡ್ಡದು. ಗಂಡ ತೀರಿಕೊಂಡ ಮೇಲೆ ಮೈದುನ ಶಿವಣ್ಣ ಆ ಜಾಗ ಕೊಬ್ಬರಿ ಗೋಡೌನಿಗೆ ಬೇಕೆಂದ. ಹಿರಿಯರು ಕೂತು ನ್ಯಾಯ ಹೇಳಿದರು: ಭಟ್ಟಿ ದಿನಾ ಉರಿಯುವ ತನಕ ಜಾಗ ಗೌರಕ್ಕನದು, ಅವಳ ನಂತರ ಮಗಳು ಮಂಜುಳಳದು. ಒಂದು ದಿನ ತಣ್ಣಗಾದರೂ ಶಿವಣ್ಣನದು. ಹೆಂಗಸು ಎಷ್ಟು ಕಾಲ ಉರಿಸಿಯಾಳು ಎಂದು ಅವರ ಲೆಕ್ಕ.

ಶಿವಣ್ಣ ಅಂಗಡಿಯವರಿಗೆಲ್ಲ ಹೇಳಿ ಮೈದಾ ನಿಲ್ಲಿಸಿದ. ಬನ್ನಿಲ್ಲ, ಬ್ರೆಡ್ಡಿಲ್ಲ.

"ಮುಗೀತಲ್ಲ ಗೌರಕ್ಕ" ಅಂದೆ.

ಅವಳು ಈಳಿಗೆಮಣೆಯನ್ನು ನನ್ನ ಮುಂದೆ ತಳ್ಳಿದಳು. "ಉರೀಬೇಕು ಅಂತ ಹೇಳವ್ರೆ. ಬನ್ನೇ ಬೇಯಿಸ್ಬೇಕು ಅಂದಿಲ್ವಲ್ಲ. ತರಕಾರಿ ಹೆಚ್ಚು."

ಸಂತೆಗೆ ಆ ಕಾಲಕ್ಕೆ ಬಂದದ್ದು: ಗೆಣಸು, ಬದನೆಕಾಯಿ, ಸಿಹಿಗುಂಬಳ, ನವಿಲುಕೋಸು, ಈರುಳ್ಳಿ. ಎಲ್ಲಕ್ಕೂ ಕಡಲೆಕಾಯಿ ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ತೆಂಗಿನ ಮಟ್ಟೆ ಉರಿಸಿ, ಕೆಂಡ ಬದಿಗೆಳೆದು, ಬ್ರೆಡ್ಡಿನ ತಟ್ಟೆಯಲ್ಲೇ ಒಳಗೆ ತಳ್ಳುವುದು. ನಾನು ಎಲ್ಲವನ್ನೂ ಒಂದೇ ಸಮ ಹೆಚ್ಚಿ ಬೈಸಿಕೊಂಡೆ.

"ಗೆಣಸು ಗಟ್ಟಿ, ಸಣ್ಣಗೆ ಹೆಚ್ಚು. ಬದನೆಕಾಯಿ ಮೆತ್ತಗೈತೆ, ದಪ್ಪಗಿರ್ಲಿ. ಆಗ ಜೊತೇಲಿ ಬೇಯ್ತವೆ. ಒತ್ತೊತ್ತಾಗಿ ಸುರೀಬ್ಯಾಡ ಕಣೇ, ಬೆವತು ಸಾಯ್ತವೆ."

ಹೊರಗೆ ಬಂದಾಗ ಅಂಚು ಕಪ್ಪು, ಒಳಗೆ ಬೆಣ್ಣೆ. ರೈಲಿಗೆ ಕಾಯುವವರು ಎಲೆಯಲ್ಲಿ ತಿಂದರು. ಆಮೇಲೆ ಹಳ್ಳಿಯವರು ತಮ್ಮ ಹೊಲದ ತರಕಾರಿಯನ್ನೇ ತಂದು ಬೇಯಿಸಿಕೊಂಡು ಹೋಗತೊಡಗಿದರು. ಶಿವಣ್ಣ ಬಾಗಿಲಲ್ಲಿ ನಿಂತು ನಕ್ಕ.

"ಏನತ್ತಿಗೆ, ಬೇಕರೀನ ಬದನೆಕಾಯಿ ಮಸಾಣ ಮಾಡ್ಬಿಟ್ರಲ್ಲ?"

"ಬಾರೋ, ಒಳಗೆ ಜಾಗ ಐತೆ. ನಿನ್ನ ಮಾತ್ರ ಬಲು ಸಣ್ಣಗೆ ಹೆಚ್ಚಬೇಕು."

ಕ್ಯೂನಲ್ಲಿದ್ದವರು ನಕ್ಕರು. ಅವನು ತಿನ್ನದೆ ಹೋದ.

ಜ್ವರ ಬಂದರೂ ಗೋಣಿಚೀಲದ ಮೇಲೆ ಮಲಗಿಕೊಂಡೇ ಭಟ್ಟಿ ಹಚ್ಚಿಸಿದ್ದಾಳೆ. ಹೀಗೇ ವರ್ಷಗಳು ಹೋದವು. ಕೊನೆಗೊಂದು ಅವರೆಕಾಯಿ ಕಾಲದಲ್ಲಿ, ಒಂದು ಬೆಳಿಗ್ಗೆ ಗೌರಕ್ಕ ಏಳಲಿಲ್ಲ.

ಶಿವಣ್ಣ ಹೂವಿನ ಹಾರ ತಂದ. ಭಟ್ಟಿ ಒಡೆಯಲು ಇಬ್ಬರು ಆಳುಗಳನ್ನೂ ತಂದ. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಅದು ಅವನಿಗೆ ಗೊತ್ತು. ಮಂಜುಳ ತಾಯಿಯ ಕಾಲು ಹಿಡಿದು ಕೂತಿದ್ದಳು. ನಾನು ಮಟ್ಟೆ ಹೊತ್ತುಕೊಂಡು ಒಳಗೆ ಹೋದೆ.

"ತಲೆ ಕೆಟ್ಟೈತಾ ನಿಮಗೆ? ಸೂತಕ!" ಎಂದು ಕೂಗಿದ.

"ಸೂತಕ ನಿಂಗೆ ಕಣೋ, ನಿನ್ನ ಅತ್ತಿಗೆ ಸತ್ತಿರೋದು. ನಾನು ಪಕ್ಕದ ಮನೆಯೋಳು, ನಂಗ್ಯಾವ ಸೂತಕ?"

ಕಡ್ಡಿ ಗೀರಿದೆ. ಒದ್ದೆ ಬಟ್ಟೆಯ ಕೆಳಗೆ ಅವಳು ಹಿಂದಿನ ಸಂಜೆ ಹೆಚ್ಚಿಟ್ಟಿದ್ದ ತರಕಾರಿ ಹಾಗೇ ಇತ್ತು. ಗೆಣಸು ಸಣ್ಣಗೆ, ಬದನೆಕಾಯಿ ದಪ್ಪಗೆ. ತಟ್ಟೆಗಳನ್ನು ಒಳಗೆ ತಳ್ಳಿದೆ.

ಆಳುಗಳು ಒಳಗೆ ಇಣುಕಿ ನೋಡಿ ಹಾರೆ ಕೆಳಗಿಟ್ಟರು. "ಉರಿಯೋ ಒಲೆಗೆ ಹಾರೆ ಹಾಕಾಕಿಲ್ಲ ನಾವು" ಅಂದರು. ಮಣ್ಣು ಮಾಡಿ ಬಂದವರೆಲ್ಲ ನನ್ನ ಜಗಲಿಯ ಮೇಲೆ ಕೂತು ತಿಂದರು. ಶಿವಣ್ಣ ಅಂದೂ ತಿನ್ನಲಿಲ್ಲ. ಹೋಗಲಿ, ಇನ್ನೊಬ್ಬರಿಗೆ ಆಯಿತು.

ಮನೆಗೆ ಹೋಗಿ ಮುಖ ತೊಳೆದು ಕನ್ನಡಿ ನೋಡಿದೆ. ನನ್ನ ಎಡಗಡೆ ಹುಬ್ಬು ಇರಲಿಲ್ಲ. ನಿಂತು ನೋಡಲು ಪುರಸೊತ್ತಿರಲಿಲ್ಲ, ನಾಳೆಗೆ ಗೆಣಸು ಹೆಚ್ಚಬೇಕಿತ್ತು.